ಚಂದ್ರಲೋಕದ ಖರ್ಚೂ ನಮ್ಮೂರ ಶಾಲೆಯೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಚಂದ್ರಯಾನ-3ರ ನೌಕೆಯು 2023ನೆಯ ಇಸವಿ ಆಗಸ್ಟ್ 23ರ ಸಂಜೆ ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದಾಗ ದೇಶಕ್ಕೆ ದೇಶವೇ ಹಿಗ್ಗಿತು. ನಮ್ಮ ಕುರಿಚಿಯೂ ಹಿಗ್ಗಿತು. ಆದರೆ ಹಿಗ್ಗಿನ ಬೆನ್ನಲ್ಲಿಯೇ ಒಂದು ಪ್ರಶ್ನೆಯೂ ಹುಟ್ಟಿತು. ನಲ್ಲಿಗೆ ನೀರು ಬಾರದ ಬೀದಿಯವರಿಗೆ ಚಂದ್ರನಲ್ಲಿ ನೀರು ಕಂಡರೆ ಬಂದ ಭಾಗ್ಯವೇನು? ಮಕ್ಕಳಿಗೆ ಕನ್ನಡ ಕಲಿಸಲು ಒಬ್ಬ ಅಧ್ಯಾಪಕರನ್ನು ಒದಗಿಸಲಾರದ ಸರ್ಕಾರ ಆಕಾಶಕ್ಕೆ ನೂರಾರು ಕೋಟಿ ರೂಪಾಯಿಗಳನ್ನು ಸುರಿಯುವುದು ನ್ಯಾಯವೇ? ಹೀಗೆ ಕೇಳುವವರನ್ನು ವಿಜ್ಞಾನದ ವಿರೋಧಿಗಳೆಂದು ಜರೆಯುವುದು ಸುಲಭ. ನಾವು ಜರೆಯುವುದಿಲ್ಲ. ತೆರಿಗೆ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕುಂಟು. ಬೆಂಕಿಪೆಟ್ಟಿಗೆಯ ಮೇಲೂ ತೆರಿಗೆ ತೆರುವ ಬಡವನಿಗಂತೂ ಆ ಹಕ್ಕು ಇನ್ನೂ ಹೆಚ್ಚಾಗಿಯೇ ಉಂಟು.

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದೂ ಅಲ್ಲ. 1969ನೆಯ ಜುಲೈ ತಿಂಗಳಲ್ಲಿ ಅಮೆರಿಕದ ಅಪೊಲೊ-11 ಚಂದ್ರನ ಕಡೆಗೆ ಹೊರಡುವ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗರ ಒಡನಾಡಿಯಾಗಿದ್ದ ರಾಲ್ಫ್ ಅಬರ್ನತಿಯವರು ಬಡ ಕುಟುಂಬಗಳನ್ನೂ ಹೇಸರಗತ್ತೆಯ ಗಾಡಿಗಳನ್ನೂ ಕೂಡಿಕೊಂಡು ಉಡಾವಣೆಯ ನೆಲೆಗೆ ಬಂದರು. ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಥಾಮಸ್ ಪೇನ್ ಹೊರಕ್ಕೆ ಬಂದು ಅವರ ಮಾತನ್ನು ಕೇಳಿದರು. ಈ ಹಾರಾಟವನ್ನು ನಿಲ್ಲಿಸುವುದರಿಂದ ಬಡತನ ನೀಗುವುದಾದರೆ ತಾವು ಗುಂಡಿಯನ್ನೇ ಒತ್ತುವುದಿಲ್ಲವೆಂಬ ಅರ್ಥದಲ್ಲಿ ಉತ್ತರ ಕೊಟ್ಟರು. ಆ ದಶಕದ ನಡುವಿನಲ್ಲಿ ಅಮೆರಿಕ ತನ್ನ ಕೇಂದ್ರ ಸರ್ಕಾರದ ವೆಚ್ಚದಲ್ಲಿ ನೂರಕ್ಕೆ ನಾಲ್ಕು ಡಾಲರಿಗೂ ಮಿಗಿಲಾಗಿ ಈ ಕಾರ್ಯಕ್ಕೆ ತೊಡಗಿಸಿತ್ತು.

ನಮ್ಮ ಲೆಕ್ಕ ಬೇರೆ. 2025-26ರ ಕೇಂದ್ರದ ಮುಂಗಡ ಪತ್ರದಲ್ಲಿ ಬಾಹ್ಯಾಕಾಶ ಇಲಾಖೆಗೆ ತೆಗೆದಿರಿಸಿದ್ದು ಸುಮಾರು 13,400 ಕೋಟಿ ರೂಪಾಯಿ. ಒಟ್ಟು ವೆಚ್ಚ 50 ಲಕ್ಷ ಕೋಟಿಗೂ ಮಿಕ್ಕಿತ್ತು. ಎಂದರೆ ನೂರು ರೂಪಾಯಿಯಲ್ಲಿ 26 ಪೈಸೆ. ಅದೇ ವರ್ಷ ಗ್ರಾಮೀಣ ಉದ್ಯೋಗ ಖಾತರಿಗೆ ಇಟ್ಟದ್ದು 86,000 ಕೋಟಿ. ಚಂದ್ರಯಾನ-3ಕ್ಕೆ ತಗುಲಿದ್ದು ಸುಮಾರು 600 ಕೋಟಿ. ತಲೆಗೆ ಹಂಚಿದರೆ ನಾಲ್ಕೂವರೆ ರೂಪಾಯಿ ಬೀಳುವುದಿಲ್ಲ. ನಮ್ಮ ಕುರಿಚಿ ಕೆರೆಯ ದಡವನ್ನೇ ನೋಡಿರಿ: ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅದನ್ನು ಸಿಂಗರಿಸಿ, ತಮಿಳು ಅಕ್ಷರಗಳಿಂದ ರೂಪಿಸಿದ ತಿರುವಳ್ಳುವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಪ್ರತಿಮೆ ಸೊಗಸಾಗಿದೆ, ನಮ್ಮ ಆಕ್ಷೇಪಣೆಯೇನೂ ಇಲ್ಲ. ಆದರೆ ಚಂದ್ರನ ಖರ್ಚಿಗೆ ಕೇಳುವ ಪ್ರಶ್ನೆಯನ್ನು ಕೆರೆಯ ಖರ್ಚಿಗೂ ಕೇಳುವವರು ವಿರಳ.

ಆದರೂ ಅಲ್ಪವಾದದ್ದೆಲ್ಲ ಸಾರ್ಥಕವಾಗಲಾರದು. 26 ಪೈಸೆಯನ್ನೂ ದಂಡಮಾಡಬಹುದು. ಆದಕಾರಣ ಆ ಹಣದಿಂದ ಜನಕ್ಕೆ ಆದದ್ದೇನೆಂಬುದನ್ನು ನೋಡಬೇಕು.

ಈ ಕಾರ್ಯಕ್ಕೆ ಅಡಿಪಾಯ ಹಾಕಿದ ವಿಕ್ರಮ ಸಾರಾಭಾಯಿಯವರು ಚಂದ್ರನಿಗೆ ಹೋಗುವ ಪಂದ್ಯದಲ್ಲಿ ಮುಂದುವರಿದ ರಾಷ್ಟ್ರಗಳೊಡನೆ ಸೆಣಸುವ ಭ್ರಮೆ ನಮಗಿಲ್ಲವೆಂದೇ ಸಾರಿದ್ದರು. ಜನರ ಕಷ್ಟಗಳಿಗೆ ಈ ವಿದ್ಯೆಯನ್ನು ಅನ್ವಯಿಸುವುದರಲ್ಲಿ ಮಾತ್ರ ಯಾರಿಗೂ ಹಿಂದೆ ಬೀಳಬಾರದೆಂಬುದು ಅವರ ಸಂಕಲ್ಪವಾಗಿತ್ತು. ಅವರು 1971ರಲ್ಲಿ ತೀರಿಕೊಂಡರು. 1975ನೆಯ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದುವು. ಕರ್ನಾಟಕದಲ್ಲಿ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದುವು. ಬೇಸಾಯ, ಆರೋಗ್ಯ, ಮಕ್ಕಳ ಪಾಠ, ಎಲ್ಲವೂ ಕನ್ನಡದಲ್ಲಿ! ಎಷ್ಟೋ ದೊಡ್ಡ ಪಟ್ಟಣಗಳಲ್ಲಿಯೇ ದೂರದರ್ಶನವಿಲ್ಲದ ಕಾಲದಲ್ಲಿ ಕನ್ನಡದ ಪಾಠ ಆಕಾಶದಿಂದ ಹಳ್ಳಿಯ ಕಟ್ಟೆಗೆ ಇಳಿಯಿತು. ವರ್ಷ ತುಂಬಿತು, ಎರವಲಿನ ಸೊತ್ತು ಹಿಂದಕ್ಕೆ ಹೋಯಿತು. ಸ್ವಂತದ್ದೊಂದು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ವಾದ ಬೇಕಿಲ್ಲ.

ಸ್ವಂತದ್ದು ಬಂದ ಮೇಲೆ ನಡೆದ ಇನ್ನೊಂದು ಸಂಗತಿ ಗಡಿನಾಡಿನವರಾದ ನಮಗೆ ಇನ್ನೂ ಹತ್ತಿರದ್ದು. 2004ನೆಯ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿದರು. ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಪ್ರಯೋಗಿಸಲು ಆರಿಸಿಕೊಂಡದ್ದು ಚಾಮರಾಜನಗರ ಜಿಲ್ಲೆಯನ್ನು. ಅಲ್ಲಿಯ 800ಕ್ಕೂ ಹೆಚ್ಚು ಶಾಲೆಗಳಿಗೆ ಕನ್ನಡದಲ್ಲಿಯೇ ಪಾಠಗಳನ್ನು ಕಳುಹಿಸುವ ಯೋಜನೆಯದು. ಆ ಜಿಲ್ಲೆಯ ಕೊಳ್ಳೇಗಾಲ ಸೀಮೆ 1956ನೆಯ ನವೆಂಬರ್ 1ರವರೆಗೆ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತೆಂಬುದು ಹಿರಿಯರಿಗೆ ತಿಳಿದದ್ದೇ. ಅದಕ್ಕೆ ತಾಗಿಕೊಂಡು ಈ ಕಡೆ ತಾಳವಾಡಿ. ಅಲ್ಲಿಯೂ ಕನ್ನಡ ಶಾಲೆಗಳಿವೆ, ಅವೇ ಅಕ್ಷರಗಳನ್ನು ತಿದ್ದುವ ಮಕ್ಕಳಿದ್ದಾರೆ. ಆಕಾಶದಿಂದ ಇಳಿಯುವ ಕಿರಣಕ್ಕೆ ಗಡಿಕಲ್ಲು ಕಾಣುವುದಿಲ್ಲ. ಯೋಜನೆ ಮಾತ್ರ ಕರ್ನಾಟಕದ ಶಾಲೆಗಳದು, ಡಿಶ್ ಆಂಟೆನಾ ಅವುಗಳ ಮಾಡಿನ ಮೇಲಿನದು. ಕೊರತೆಯಿದ್ದದ್ದು ಆಕಾಶದಲ್ಲಿ ಅಲ್ಲ, ನೆಲದ ಮೇಲೆ ಎಂಬುದನ್ನು ಗಮನಿಸಬೇಕು. ಆಂಟೆನಾ ಇದ್ದಲ್ಲಿಯೂ ವಿದ್ಯುತ್ತು ಬೇಕು, ಕೆಟ್ಟರೆ ರಿಪೇರಿ ಮಾಡುವವನು ಬೇಕು, ಪಾಠ ಮುಗಿದ ಮೇಲೆ ಮಗು ಎದ್ದುನಿಂತು ಕೇಳುವ ಪ್ರಶ್ನೆಗೆ ಉತ್ತರ ಹೇಳುವ ಅಧ್ಯಾಪಕರು ಬೇಕು.

ಒಡಿಶಾದ ಚಂಡಮಾರುತಗಳು ಇದೇ ಮಾತನ್ನು ಬಹು ಕಠೋರವಾಗಿ ತೋರಿಸಿಕೊಟ್ಟಿವೆ. 1999ನೆಯ ಅಕ್ಟೋಬರ್ ತಿಂಗಳ ಮಹಾ ಚಂಡಮಾರುತವನ್ನು ನಮ್ಮ ಉಪಗ್ರಹಗಳು ಕಾಣದೇ ಇರಲಿಲ್ಲ, ಎಚ್ಚರಿಕೆಯೂ ಹೊರಟಿತ್ತು. ಆದರೂ ಸುಮಾರು ಹತ್ತು ಸಾವಿರ ಜನ ಮಡಿದರು. 2013ನೆಯ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಚಂಡಮಾರುತ ಅದೇ ಕರಾವಳಿಗೆ ಅಪ್ಪಳಿಸಿತು. ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಈ ಹದಿನಾಲ್ಕು ವರ್ಷಗಳಲ್ಲಿ ಮುನ್ಸೂಚನೆ ಸುಧಾರಿಸಿತ್ತು, ದಿಟ. ಅದಕ್ಕಿಂತ ಹೆಚ್ಚಾಗಿ, ಆಶ್ರಯಗೃಹಗಳು ಎದ್ದಿದ್ದುವು, ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿಯೇ ಸಾಗಿಸಬಲ್ಲ ಆಡಳಿತ ಸಿದ್ಧವಾಗಿತ್ತು. ಮೇಲಿನ ಕಣ್ಣು ಕಂಡದ್ದನ್ನು ಕೆಳಗಿನ ಕೈ ಹಿಡಿಯದಿದ್ದರೆ ಆ ಕಣ್ಣಿನಿಂದ ಏನು ಪ್ರಯೋಜನ? ಆದುದರಿಂದ ಬಾಹ್ಯಾಕಾಶದ ಹಣಕ್ಕೂ ಊರಿನ ಸೇವೆಯ ಹಣಕ್ಕೂ ವೈರ ಕಲ್ಪಿಸುವುದು ನಮಗೆ ಒಪ್ಪಿಗೆಯಿಲ್ಲ. ಎರಡನೆಯದು ಸೊರಗಿದ ಕಡೆ ಮೊದಲನೆಯದೂ ವ್ಯರ್ಥವೇ.

ಇಲ್ಲಿ ಒಂದು ಚಮತ್ಕಾರದ ವಾದವನ್ನು ಬಿಡಿಸಿ ಹೇಳಬೇಕು. ಮಳೆ ಗಾಳಿಯ ಸುದ್ದಿ ಕೊಡುವ ಉಪಗ್ರಹಗಳನ್ನು ತೋರಿಸಿ ಚಂದ್ರಯಾನದ ಖರ್ಚನ್ನು ಸಮರ್ಥಿಸುವವರುಂಟು. ಅದು ಸರಿಯಲ್ಲ. ಚಂದ್ರನ ಸುತ್ತ ತಿರುಗುವ ನೌಕೆ ನಮ್ಮ ರೈತನಿಗೆ ಮಳೆಯ ಸುದ್ದಿ ತಿಳಿಸುವುದಿಲ್ಲ. 2008ನೆಯ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ಕ್ಕೆ 386 ಕೋಟಿ ರೂಪಾಯಿ ಹಿಡಿಯಿತು. ಅದರಲ್ಲಿದ್ದ ಅಮೆರಿಕದ ಉಪಕರಣವೊಂದು ಚಂದ್ರನ ಮಣ್ಣಿನಲ್ಲಿ ನೀರಿನ ಅಂಶವಿದೆಯೆಂದು ತೋರಿಸಿಕೊಟ್ಟಿತು. ಅದು ಜ್ಞಾನ. ಜ್ಞಾನವನ್ನು ಜ್ಞಾನವೆಂದೇ ಸಮರ್ಥಿಸಬೇಕು. ತಲೆಗೆ ಮೂರು ಮೂರೂವರೆ ರೂಪಾಯಿ ಅದಕ್ಕೆ ಹೆಚ್ಚಲ್ಲವೆಂದು ನಮ್ಮ ಅಭಿಪ್ರಾಯ.

ಆ ಚಂದ್ರಯಾನದ ಯೋಜನಾ ನಿರ್ದೇಶಕರು ಯಾರು? ನಮ್ಮ ಕುರಿಚಿಯನ್ನು ಹಾದು ದಕ್ಷಿಣಕ್ಕೆ ಹೋಗುವ ಈ ರಸ್ತೆ ಮುಟ್ಟುವ ಪೊಳ್ಳಾಚಿಯ ಸೀಮೆಯಲ್ಲಿ ಕೋದವಾಡಿ ಎಂಬ ಹಳ್ಳಿಯಿದೆ. ಮಯಿಲ್‌ಸ್ವಾಮಿ ಅಣ್ಣಾದುರೈಯವರು ಅಲ್ಲಿ 1958ರಲ್ಲಿ ಹುಟ್ಟಿದರು. ಸರ್ಕಾರದ ಶಾಲೆಯಲ್ಲಿ ತಮ್ಮ ತಾಯ್ನುಡಿಯಾದ ತಮಿಳಿನಲ್ಲಿ ಓದಿದರು. ಕೊಯಮತ್ತೂರಿನ ಸರ್ಕಾರಿ ತಾಂತ್ರಿಕ ಕಾಲೇಜಿನಲ್ಲಿ ಎಂಜಿನಿಯರಾದರು. ನಮ್ಮವರೇ ಆದ ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾಯರು ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿಸಿ 1975ನೆಯ ಏಪ್ರಿಲ್ 19ರಂದು ಹಾರಿಸಿದ ಕಥೆ ತಮಗೆಲ್ಲ ಗೊತ್ತು, ಅದನ್ನು ವಿಸ್ತರಿಸುವುದಿಲ್ಲ. ಅಣ್ಣಾದುರೈಯವರ ಉದಾಹರಣೆ ನಮಗೆ ಮುಖ್ಯವಾದದ್ದು ಬೇರೊಂದು ಕಾರಣಕ್ಕೆ. ಹಳ್ಳಿಯ ಶಾಲೆಯಲ್ಲಿ ತಾಯ್ನುಡಿಯ ಅಧ್ಯಾಪಕರಿಗೆ ಸರ್ಕಾರ ಸಂಬಳ ಕೊಟ್ಟಿತ್ತು. ಆ ಶಾಲೆಯಿಂದ ಹೊರಟ ಹುಡುಗ ಚಂದ್ರಯಾನವನ್ನು ನಡೆಸಿದ. ಕೋದವಾಡಿಯ ಹುಡುಗನಿಗೆ ತಮಿಳಿನಲ್ಲಿ ದೊರೆತದ್ದು ಮನೆಯಲ್ಲಿ ಕನ್ನಡವಾಡುವ ನಮ್ಮ ನೇಕಾರರ, ಒಕ್ಕಲಿಗರ ಮಕ್ಕಳಿಗೆ ಕನ್ನಡದಲ್ಲಿ ಏಕೆ ದೊರೆಯಬಾರದು?

ಇದಕ್ಕೆ ಶ್ರೀಹರಿಕೋಟೆಯನ್ನು ದೂರುವುದರಿಂದ ಏನೂ ಆಗದು. ರಾಕೆಟ್ಟಿನ ಹಣ ದೆಹಲಿಯದು. ಶಾಲೆಯ ಅಧ್ಯಾಪಕರ ಸಂಬಳ ಬಹುಮಟ್ಟಿಗೆ ರಾಜ್ಯದ ಬೊಕ್ಕಸದ್ದು. ನಾಳೆಯೇ ಉಡಾವಣೆ ನಿಂತರೂ ಅದರಿಂದ ಉಳಿದ ಕಾಸು ನಡೆದುಕೊಂಡು ಕುರಿಚಿಗೆ ಬರುವುದಿಲ್ಲ. ನಮ್ಮ ಆಧಾರ ಬೇರೆ ಇದೆ. ಸಂವಿಧಾನಕ್ಕೆ 1956ರಲ್ಲಿ ಸೇರಿಸಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ.

ಆದರೆ ವಿಧಿಯ ಹೆಸರನ್ನು ಹೇಳಿದೊಡನೆ ಹುದ್ದೆ ಮಂಜೂರಾಗುವುದಿಲ್ಲ. ಎಷ್ಟು ಮಕ್ಕಳು, ಯಾವ ತರಗತಿ, ಕನ್ನಡ ಕಲಿಸುವ ಶಾಲೆ ಎಷ್ಟು ದೂರ ಎಂಬ ಪಟ್ಟಿಯನ್ನು ಕೈಯಲ್ಲಿ ಹಿಡಿದು ಶಿಕ್ಷಣಾಧಿಕಾರಿಗಳ ಮುಂದೆ ನಿಲ್ಲಬೇಕಾಗುತ್ತದೆ. ಈ ವರ್ಷ ಸಂಘವು ಕುರಿಚಿ, ಸುಂದರಾಪುರದ ಬೀದಿಗಳಿಂದಲೇ ಆ ಪಟ್ಟಿಯನ್ನು ಆರಂಭಿಸಬೇಕೆಂದು ನಮ್ಮ ಅರಿಕೆ. ಕಾರ್ಯದರ್ಶಿಗಳು ಒಂದು ಹಾಳೆಯ ನಮೂನೆಯನ್ನು ಸಿದ್ಧಪಡಿಸಲಿ. ಮನೆಮನೆಗೆ ಒಯ್ದು ತುಂಬಿಸುವ ಕೆಲಸಕ್ಕೆ ನಾವೂ ಬರುತ್ತೇವೆ.