ಹಾಡಿದವರು ಯಾರು, ಕವರಿನ ಮೇಲೆ ಯಾರು?

(ವಿದ್ಯಾರ್ಥಿ ನಿಲಯದ ಅಧ್ಯಯನ ಕೂಟದಲ್ಲಿ ಆಡಿದ ಮಾತು)



ಹಾಡಿನ ಬಗ್ಗೆ ಮಾತಾಡೋರು ಬಹಳ ಜನ ಇದ್ದಾರೆ. ನಾವು ಇವತ್ತು ಹಾಡನ್ನ ಸುತ್ತಿ ಮಾರೋ ರಟ್ಟಿನ ಬಗ್ಗೆ ಮಾತಾಡ್ತೀವಿ. ಗ್ರಾಮಫೋನ್ ಪ್ಲೇಟಿನ ಕವರು. ಒಂದಡಿ ಉದ್ದ, ಒಂದಡಿ ಅಗಲ. ಇದರಲ್ಲೇನು ರಾಜಕೀಯ ಅಂತ ನೀವು ಕೇಳಬಹುದು. ಅಂಗಡಿಯಲ್ಲಿ ಹಾಡು ಕಿವಿಗೆ ಬೀಳೋ ಮುಂಚೆ ಕವರು ಕಣ್ಣಿಗೆ ಬೀಳುತ್ತೆ. 'ಬಾ, ಇದು ನಿನ್ನದು' ಅಂತ ಯಾರನ್ನೋ ಕರೆಯುತ್ತೆ. ಯಾರನ್ನ ಕರೆಯುತ್ತೆ, ಯಾರನ್ನ ಮುಚ್ಚಿಡುತ್ತೆ ಅನ್ನೋದೇ ನಮ್ಮ ಪ್ರಶ್ನೆ.

ಅಮೆರಿಕದ ಕಪ್ಪು ಜನರ ಸಂಗೀತ ತಗೊಳ್ಳೋಣ. ಅವರು ನಮಗೆ ದೂರದವರಲ್ಲ. 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ ಗೆಳೆಯರು ಇಟ್ಟುಕೊಂಡರು.

1920ರಲ್ಲಿ ಮೇಮಿ ಸ್ಮಿತ್ ಅನ್ನೋ ಕಪ್ಪು ಹೆಣ್ಣುಮಗಳು ಹಾಡಿದ 'ಕ್ರೇಜಿ ಬ್ಲೂಸ್' ಪ್ಲೇಟು ಭಾರೀ ಮಾರಾಟವಾಯ್ತು. ಕಪ್ಪು ಜನರ ಜೇಬಲ್ಲೂ ಕಾಸಿದೆ ಅಂತ ಕಂಪನಿಗಳಿಗೆ ಆಗ ಕಣ್ಣು ಬಿಟ್ಟಿತು. 'ರೇಸ್ ರೆಕಾರ್ಡ್ಸ್' ಅಂತ ಅವರಿಗೇ ಬೇರೆ ಪಟ್ಟಿ ಮಾಡಿದವು. ಊರು ಬೇರೆ, ಕೇರಿ ಬೇರೆ. ಬಿಲ್‌ಬೋರ್ಡ್ ಪತ್ರಿಕೆ ಆ ಹೆಸರು ಕೈಬಿಟ್ಟದ್ದು 1949ರಲ್ಲಿ.

ಆ ಕಾಲದ ಪ್ಲೇಟುಗಳು ಹೆಚ್ಚಾಗಿ ಬರೀ ಕಾಗದದ ಚೀಲದಲ್ಲಿ ಬರ್ತಿದ್ದವು. 1940ರ ಸುಮಾರಿಗೆ ಕೊಲಂಬಿಯಾ ಕಂಪನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಅನ್ನೋ ಚಿತ್ರಕಾರ ಆಲ್ಬಮ್ಮಿನ ಮೇಲೆ ಚಿತ್ರ ಬರೆಯೋ ಪದ್ಧತಿ ತಂದ. 1948ರಲ್ಲಿ ಲಾಂಗ್ ಪ್ಲೇ ಬಂತು. ಬಿಳಿಯರ ಮಕ್ಕಳೂ ಕಪ್ಪು ಹಾಡಿಗೆ ಕಿವಿಗೊಟ್ಟರು. ಈಗ ಕಂಪನಿಗೆ ಪೇಚಾಟ. ದನಿ ಬೇಕು, ಮುಖ ಬೇಡ!

1957ರಲ್ಲಿ ಮೈಲ್ಸ್ ಡೇವಿಸ್‌ನ 'ಮೈಲ್ಸ್ ಅಹೆಡ್' ಬಂತು. ಟ್ರಂಪೆಟ್ ಊದಿದವನು ಮೈಲ್ಸ್, ಕವರಿನ ಮೇಲೆ ಹಾಯಿದೋಣಿಯಲ್ಲಿ ಕೂತವಳು ಬಿಳಿ ಹೆಂಗಸು. 1965ರಲ್ಲಿ ಓಟಿಸ್ ರೆಡ್ಡಿಂಗ್ ಎದೆ ಬಿಚ್ಚಿ ಹಾಡಿದ 'ಓಟಿಸ್ ಬ್ಲೂ' ಮೇಲೆ ಹೊಂಗೂದಲ ಹುಡುಗಿ. 1966ರಲ್ಲಿ ಐಸ್ಲಿ ಸೋದರರ ಪ್ಲೇಟಿನ ಮೇಲೆ ಸಮುದ್ರದ ದಂಡೆಯಲ್ಲಿ ಬಿಳಿಯ ಜೋಡಿ. ಇಲ್ಲಿ ಸ್ವಲ್ಪ ತಡೆದು ಯೋಚಿಸಿ. ಈ ಕೊನೇ ಪ್ಲೇಟು ತಂದ ಕಂಪನಿ ಬಿಳಿಯರದ್ದಲ್ಲ, ಡೆಟ್ರಾಯಿಟಿನ ಕಪ್ಪು ಮನುಷ್ಯ ಬೆರ್ರಿ ಗಾರ್ಡಿಯದ್ದು. ಯಜಮಾನ ನಮ್ಮವನಾದ್ರೂ ಸಂತೆ ಯಾರದು? ಬಿಳಿಯರ ಮನೆಗೆ ಮೊದಲು ಹಾಡು ಹೋಗಲಿ, ಮುಖ ಆಮೇಲೆ ಅನ್ನೋ ಲೆಕ್ಕ ಪೂರ್ತಿ ತಳ್ಳಿಹಾಕೋ ಹಾಗಿಲ್ಲ; ಹಾಡು ಹೋಯ್ತು ಕೂಡ. ಆದ್ರೆ ಹಾಡಿದ ಮೂವರು ಅಣ್ಣತಮ್ಮಂದಿರು ತಮ್ಮ ಪ್ಲೇಟಿನ ಮೇಲೆ ತಾವೇ ಇಲ್ಲ. ನಾವಂತೂ ಇದನ್ನ ಒಪ್ಪಲ್ಲ.

ಮೈಲ್ಸ್ ಸುಮ್ಮನಿರಲಿಲ್ಲ. ಕಂಪನಿಯವರ ಹತ್ತಿರ ಜಗಳ ತೆಗೆದ. ಆಮೇಲಿನ ಪ್ರತಿಗಳಲ್ಲಿ ಅವನ ಚಿತ್ರವೇ ಬಂತು. 1961ರಲ್ಲಿ ಇನ್ನೊಂದು ಪ್ಲೇಟಿಗೆ ತನ್ನ ಹೆಂಡತಿ ಫ್ರಾನ್ಸಿಸ್ ಟೇಲರಳ ಮುಖ ಹಾಕಿಸಿದ. ಕಪ್ಪು ಹೆಣ್ಣು ಚೆಲುವೆ ಅಂತ ಅಂಗಡಿ ಕಿಟಕಿಯಲ್ಲೇ ಹೇಳಿದ ಹಾಗಾಯ್ತು.

ಇನ್ನು, ನೀವು ನೋಡಲೇಬೇಕಾದ ಒಂದು ಕವರಿದೆ. ಅದಕ್ಕೆ ಮೊದಲು ನಾಲ್ಕು ಹುಡುಗರ ಕತೆ ಕೇಳಿ. ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೋ ಊರು. ಕಾಲೇಜಿನ ಮೊದಲ ವರ್ಷದ ನಾಲ್ವರು ಕಪ್ಪು ವಿದ್ಯಾರ್ಥಿಗಳು. ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಹೊತ್ತು ಮಾತಾಡಿ ಮಾತಾಡಿ ತೀರ್ಮಾನಕ್ಕೆ ಬಂದವರು. 1960ರ ಫೆಬ್ರವರಿ 1ರಂದು ವೂಲ್‌ವರ್ತ್ ಅಂಗಡಿಗೆ ಹೋಗಿ ಊಟದ ಕಟ್ಟೆಯ ಮುಂದೆ ಕೂತು ಕಾಫಿ ಕೇಳಿದರು. ಆ ಅಂಗಡಿಗೆ ಸಾಮಾನು ಮಾರೋಕೆ ಕಪ್ಪು ಜನರ ಕಾಸು ಆಗ್ತಿತ್ತು, ಕಾಫಿಗೆ ಪಕ್ಕದಲ್ಲಿ ಕೂರಿಸೋಕೆ ಮಾತ್ರ ಆಗ್ತಿರಲಿಲ್ಲ. ಬೇರೆ ಲೋಟ ಕಂಡ ನಮಗೆ ಇದನ್ನ ಬಿಡಿಸಿ ಹೇಳಬೇಕೇ? ಕೊಡಲಿಲ್ಲ. ಬಾಗಿಲು ಹಾಕೋವರೆಗೂ ಅವರು ಏಳಲಿಲ್ಲ. ಮಾರನೇ ದಿನ ಇನ್ನಷ್ಟು ವಿದ್ಯಾರ್ಥಿಗಳು ಬಂದರು. ಜುಲೈ 25ಕ್ಕೆ ಆ ಕಟ್ಟೆ ಎಲ್ಲರಿಗೂ ತೆರೆಯಿತು.

ಅದೇ ವರ್ಷ ಡ್ರಮ್ ವಾದಕ ಮ್ಯಾಕ್ಸ್ ರೋಚ್ 'ವಿ ಇನ್ಸಿಸ್ಟ್!' ಅನ್ನೋ ಜಾಝ್ ಪ್ಲೇಟು ತಂದ. 'ನಾವು ಪಟ್ಟು ಹಿಡಿದಿದ್ದೇವೆ' ಅಂತ ಅರ್ಥ. ಕವರಿನ ಮೇಲೆ ಅಂಥದ್ದೇ ಊಟದ ಕಟ್ಟೆ. ಮೂವರು ಕಪ್ಪು ಗಂಡಸರು ಕೂತು ನಮ್ಮ ಕಡೆ ತಿರುಗಿ ನೋಡ್ತಿದ್ದಾರೆ. ಹಿಂದೆ ಬಿಳಿಯ ಮಾಣಿ. ವಾದ್ಯ ಇಲ್ಲ, ಕುಣಿತ ಇಲ್ಲ, ಗಿರಾಕಿಯನ್ನ ರಮಿಸೋ ನಗು ಇಲ್ಲ. ಪತ್ರಿಕೆಯಿಂದ ಕತ್ತರಿಸಿದ ಹಾಗಿರೋ ಕಪ್ಪು ಬಿಳುಪು ಫೋಟೊ. ಚಳವಳಿಗೆ ಹೋದ ಹುಡುಗ ಅದರಲ್ಲಿ ತನ್ನನ್ನೇ ಕಂಡುಕೊಳ್ಳಬಹುದು. ಬಿಳಿಯನೂ ಕೊಳ್ಳಬಹುದು, ಆದ್ರೆ ಆ ಮೂರು ಜೊತೆ ಕಣ್ಣು ದಾಟಿಕೊಂಡೇ ಹಾಡಿಗೆ ಹೋಗಬೇಕು.

ಇಂಥದ್ದಕ್ಕೆ ದುಡ್ಡು ಬೇಕಲ್ಲ ಅಂತೀರಿ. ನ್ಯೂಯಾರ್ಕಿನ ಬ್ಲೂ ನೋಟ್ ಕಂಪನಿ ನೋಡಿ. 1939ರಲ್ಲಿ ಶುರುವಾದ ಸಣ್ಣ ಕಂಪನಿ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಫ್ರಾನ್ಸಿಸ್ ವುಲ್ಫ್ ಫೋಟೊ ತೆಗೀತಿದ್ದ, ರೀಡ್ ಮೈಲ್ಸ್ ಅನ್ನೋನು ಕವರು ಕಟ್ಟುತ್ತಿದ್ದ. ಎಷ್ಟೋ ಕವರಿಗೆ ಕಪ್ಪಿನ ಜೊತೆ ಇನ್ನೊಂದೇ ಬಣ್ಣ. ದಪ್ಪ ಅಕ್ಷರ. ಬೆವರಿಳಿಸಿ, ಕಣ್ಣು ಮುಚ್ಚಿ ಕೆಲಸದಲ್ಲಿ ಮುಳುಗಿದ ವಾದಕ. ಜಾಝ್ ಬಲ್ಲವರು ಕವರು ನೋಡಿಯೇ ಕಂಪನಿ ಯಾವುದು ಅಂತ ಹೇಳೋರು. ಒಂದೇ ಬಣ್ಣದ ಶಾಯಿಯಲ್ಲಿ ಹಾಳೆ ತೆಗೆಯೋ ನಮ್ಮಂಥವರು ಇದನ್ನ ಚೆನ್ನಾಗಿ ನೋಡಿಕೊಳ್ಳಬೇಕು.

ಕರ್ಟಿಸ್ ಮೇಫೀಲ್ಡ್‌ನ 1975ರ ಪ್ಲೇಟಿನ ಕವರಿನಲ್ಲೂ ಹಾಡಿದವನ ಮುಖ ಇಲ್ಲ. ಕಂಪನಿ ಮಾತ್ರ ಅವನದೇ. ಅದರ ಮೇಲೆ 1937ರ ಪ್ರವಾಹದ ಕಾಲದ ಒಂದು ಫೋಟೊ ಆಧರಿಸಿದ ಚಿತ್ರವಿದೆ. ಹಿಂದೆ ಕಾರಿನಲ್ಲಿ ನಗ್ತಾ ಹೋಗೋ ಬಿಳಿ ಸಂಸಾರದ ದೊಡ್ಡ ಜಾಹೀರಾತು ಹಲಗೆ, ಅದರ ಕೆಳಗೆ ಸಾಲಿನಲ್ಲಿ ನಿಂತ ಕಪ್ಪು ಜನ. ಈ ಕವರುಗಳ ಚಿತ್ರಗಳನ್ನ ಗೋಡೆಗೆ ಅಂಟಿಸಿದ್ದೀವಿ. ಹತ್ತಿರ ಹೋಗಿ ನೋಡಿ, ಆಮೇಲೆ ಪ್ರಶ್ನೆ ಕೇಳಿ.