ತಟ್ಟೆಯ ಮುಂದೆ ಕುಳಿತ ಅಜ್ಜಿ



ನಿಮ್ಮ ಮನೆಯಲ್ಲಿ ಮರೆವಿನ ಕಾಯಿಲೆಯಾದ ಅಜ್ಜಿಯೋ ತಾತನೋ ಇದ್ದರೆ ಈ ಮಾತು ನಿಮಗೆ ಹೊಸದಲ್ಲ: "ನಂದು ಊಟ ಆಯ್ತು." ಬೆಳಗಿನಿಂದ ಅರ್ಧ ಲೋಟ ಕಾಫಿಯ ಹೊರತು ಏನೂ ಹೊಟ್ಟೆಗೆ ಹೋಗಿರುವುದಿಲ್ಲ. ಆದರೂ ಅವರು ಸುಳ್ಳು ಹೇಳುತ್ತಿಲ್ಲ. ಎಂದೋ ಮಾಡಿದ ಊಟ ಈಗ ತಾನೇ ಮಾಡಿದ್ದೆಂದು ಅವರಿಗೆ ತೋರುತ್ತಿರುತ್ತದೆ.

ನಮ್ಮ ತಾಯಿ ಹೀಗೆಯೇ ಊಟ ಬಿಡುತ್ತಾ ಬಂದರು. ಕೈಬಳೆ ಮೊಣಕೈವರೆಗೆ ಜಾರತೊಡಗಿದಾಗಲೇ ನಮಗೆ ಗಾಬರಿಯಾದದ್ದು. ವಿಜ್ಞಾನದ ಪದವಿ ಪಡೆದು, ಆರೋಗ್ಯದ ಬಗ್ಗೆ ಕಾರ್ಯಕ್ರಮಗಳನ್ನೂ ನಿರ್ಮಿಸಿದ ನಾನು ಆಗ ಮಾಡಿದ್ದೇನು ಗೊತ್ತೇ? ಗದರಿದೆ. ತುತ್ತನ್ನು ಬಾಯಿಗೆ ತುರುಕಲು ನೋಡಿದೆ. ಅವರು ತುಟಿ ಬಿಗಿದು ಮುಖ ತಿರುಗಿಸಿದರು. ಅದನ್ನು ಹಟವೆಂದುಕೊಂಡೆ.

ಅದು ಹಟವಾಗಿರಲಿಲ್ಲ. ಊಟ ಮಾಡುವುದು ನಾವು ತಿಳಿದಷ್ಟು ಸರಳವಾದ ಕೆಲಸವಲ್ಲ. ಹಸಿವಾಗಿದೆಯೆಂದು ತಿಳಿಯಬೇಕು, ಎದುರಿಗಿರುವುದು ಅನ್ನವೆಂದು ಗುರುತು ಹಿಡಿಯಬೇಕು, ಕಲಸಬೇಕು, ಎತ್ತಬೇಕು, ಅಗಿಯಬೇಕು, ನುಂಗಬೇಕು. ಪ್ರತಿಯೊಂದಕ್ಕೂ ಮಿದುಳು ಬೇಕು. ಜರ್ಮನಿಯ ವೈದ್ಯ ಆಲೊಯಿಸ್ ಆಲ್ಜೈಮರ್ 1906ರಲ್ಲಿ ಮೊದಲ ಬಾರಿಗೆ ವಿವರಿಸಿದ, ಈಗ ಅವರದೇ ಹೆಸರಿರುವ ಕಾಯಿಲೆಯಲ್ಲಿ ಈ ಸರಪಳಿಯ ಕೊಂಡಿಗಳು ಸಡಿಲುತ್ತಾ ಹೋಗುತ್ತವೆ. ವಾಸನೆ ತಿಳಿಯುವ ಶಕ್ತಿಯಂತೂ ಅನೇಕರಲ್ಲಿ ಬಹಳ ಬೇಗ ಕುಂದುತ್ತದೆ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದಿಲ್ಲವೇ? ಅವರಿಗೆ ದಿನವೂ ನೆಗಡಿಯಿದ್ದಂತೆ. ಇಂಗಿನ ಒಗ್ಗರಣೆ, ನಿಂಬೆರಸ, ಒಂದಿಷ್ಟು ಬೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ಹಲವರಿಗೆ ಸಿಹಿಯ ಆಸೆ ಹೆಚ್ಚುವುದೂ ಉಂಟು. ಸಕ್ಕರೆ ಕಾಯಿಲೆಯಿದ್ದರೆ ಮಾತ್ರ ವೈದ್ಯರನ್ನು ಕೇಳಿಕೊಳ್ಳಿ.

ಇನ್ನು ಕಣ್ಣಿನ ವಿಷಯ. ಬಿಳಿ ಗೋಡೆಯ ಮುಂದೆ ಬಿಳಿ ಅಂಗಿಯ ಅತಿಥಿಯನ್ನು ಕೂರಿಸಿದರೆ ಕ್ಯಾಮೆರಾಮನ್ ನನ್ನ ಮೇಲೆ ರೇಗುತ್ತಾರೆ. ಅದೇ ನಾನು ಮನೆಯಲ್ಲಿ ಬಿಳಿ ತಟ್ಟೆಯಲ್ಲಿ ಮೊಸರನ್ನ ಬಡಿಸುತ್ತಿದ್ದೆ! ಈ ಕಾಯಿಲೆಯಲ್ಲಿ ಬಣ್ಣಗಳ ಅಂತರ ಗುರುತಿಸುವುದು ಕಷ್ಟವಾಗುತ್ತದೆ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಿಳಿಯ ಬದಲು ಕಡುಗೆಂಪು ತಟ್ಟೆ-ಲೋಟಗಳನ್ನು ಕೊಟ್ಟಾಗ ರೋಗಿಗಳು ಶೇಕಡಾ 25ರಷ್ಟು ಹೆಚ್ಚು ಆಹಾರ ತೆಗೆದುಕೊಂಡರು. ಪರೀಕ್ಷೆಗೆ ಒಳಪಟ್ಟವರು ಕೆಲವೇ ಮಂದಿ, ನಿಜ. ಆದರೆ ಪ್ರಯೋಗ ಮಾಡಿ ನೋಡಲು ನಮಗೇನು ಖರ್ಚು? ನಾವು ಕೆಂಪು ತಟ್ಟೆ ಹುಡುಕಲಿಲ್ಲ, ಬಾಳೆಲೆ ತಂದೆವು. ಹಸಿರಿನ ಮೇಲೆ ಅನ್ನ ಎದ್ದು ಕಂಡಿತು. "ಇವತ್ತೇನು ಹಬ್ಬ?" ಎನ್ನುತ್ತಾ ಅಮ್ಮ ಕೈ ಹಾಕಿದರು.

ಎಲ್ಲಕ್ಕಿಂತ ದೊಡ್ಡ ಉಪಾಯ ಕಂಡುಹಿಡಿದವಳು ಪಿ.ಯು.ಸಿ. ಓದುವ ನನ್ನ ಮಗಳು. "ಅಜ್ಜಿ, ನನಗೊಬ್ಬಳಿಗೇ ಊಟ ಸೇರೋದಿಲ್ಲ, ನೀವೂ ಬನ್ನಿ" ಎಂದು ಎದುರಿಗೆ ಕುಳಿತಳು. ಅವಳು ಕಲಸಿದಳು, ಅಜ್ಜಿಯೂ ಕಲಸಿದರು. ಅವಳು ತುತ್ತೆತ್ತಿದಳು, ಅವರೂ ಎತ್ತಿದರು. ಹೇಗೆ ಶುರು ಮಾಡಬೇಕೆಂಬುದು ಮರೆತವರಿಗೆ ಎದುರಿಗೊಂದು ಮಾದರಿ ಸಿಕ್ಕಿತ್ತು. ಮುಕ್ಕಾಲು ಗಂಟೆ ಹಿಡಿಯಿತು, ಹಿಡಿಯಲಿ. ಹೀಗೆ ಕೂತಾಗ ಟಿ.ವಿ. ಆರಿಸಿಬಿಡಿ. ಟಿ.ವಿ.ಯಲ್ಲೇ ದುಡಿಯುವ ನಾನು ಈ ಮಾತು ಹೇಳಬಾರದು, ಆದರೆ ಅದರ ಸದ್ದಿನಲ್ಲಿ ಅವರ ಗಮನ ಎಲೆಯ ಮೇಲೆ ನಿಲ್ಲುವುದಿಲ್ಲ. ಮೂರು ದೊಡ್ಡ ಊಟಕ್ಕಿಂತ ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುವುದು ಮೇಲು.

ಇದ್ದಕ್ಕಿದ್ದಂತೆ ಊಟ ಬಿಟ್ಟರೆ ಮಾತ್ರ ಉಪಾಯ ಹೂಡುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ಬಾಯಿಹುಣ್ಣು, ಸಡಿಲವಾದ ಹಲ್ಲುಸೆಟ್ಟು, ಮಲಬದ್ಧತೆ, ಮೂತ್ರದ ಸೋಂಕು, ಮನಸ್ಸಿನ ಖಿನ್ನತೆ ಯಾವುದೂ ಇರಬಹುದು. ನೋವನ್ನು ಬಾಯಿಬಿಟ್ಟು ಹೇಳಲು ಅವರಿಗೆ ಆಗುವುದಿಲ್ಲ. ಮರೆವಿಗೆಂದು ಕೊಡುವ ಡೊನೆಪೆಜಿಲ್ ಮಾತ್ರೆಯೂ ಕೆಲವರ ಹಸಿವನ್ನು ಕುಗ್ಗಿಸುತ್ತದೆ. ಹಾಗೆಂದು ನೀವೇ ಮಾತ್ರೆ ನಿಲ್ಲಿಸುವಂತಿಲ್ಲ.

ನುಂಗುವಾಗ ಕೆಮ್ಮುತ್ತಿದ್ದರೆ ಎಚ್ಚರ. ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಬರಬಹುದು. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವಲ್ಲ, ಅಂಥವರಿಗೆ ಅದು ಅಪಾಯ. ತೀರ ನೀರಾದ ಪಾನೀಯವೂ ಹಾಗೆಯೇ. ಎಷ್ಟು ಗಟ್ಟಿಯಿರಬೇಕೆಂದು ವೈದ್ಯರನ್ನು ಕೇಳಿ. ನೆಟ್ಟಗೆ ಕೂರಿಸಿಯೇ ಉಣಿಸಿ, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬೇಡಿ.

ಒಂದು ಮಾತು ಹೇಳಲು ಕಷ್ಟವಾಗುತ್ತದೆ. ಕಾಯಿಲೆಯ ಕೊನೆಯ ಹಂತದಲ್ಲಿ ದೇಹವೇ ಆಹಾರ ಬೇಡವೆನ್ನುತ್ತದೆ. ಆಗ ನಳಿಕೆ ಹಾಕಿ ಉಣಿಸಿದರೆ ಆಯಸ್ಸು ಹೆಚ್ಚುತ್ತದೆಂಬುದಕ್ಕೆ ಸರಿಯಾದ ಆಧಾರ ಸಿಕ್ಕಿಲ್ಲ. ಬೇಕೆಂದಷ್ಟು ಕೊಟ್ಟು, ತುಟಿ ಒಣಗದಂತೆ ಒದ್ದೆ ಮಾಡುತ್ತಾ ಪಕ್ಕದಲ್ಲಿ ಕೂರುವುದೂ ಶುಶ್ರೂಷೆಯೇ. ನಮ್ಮ ತಾಯಿ ಇನ್ನೂ ಆ ಹಂತಕ್ಕೆ ಬಂದಿಲ್ಲ. ನಿನ್ನೆ ರಾತ್ರಿ ಎರಡು ಸೌಟು ಮೊಸರನ್ನ ತಿಂದರು. ಮೊಮ್ಮಗಳ ಪಾಲಿನ ಕೇಸರಿಬಾತನ್ನೂ.