ಹಲಗೂರಿಗೆ ಹೊರಟ ಹುಡುಗ

(ಚನ್ನಪಟ್ಟಣದಲ್ಲಿ ಶಾಲಾ ಶಿಕ್ಷಕರ ಎದುರು ಮಾಡಿದ ಭಾಷಣದ ಬರಹರೂಪ)



ಮಕ್ಕಳ ಮಾಯಾ ಕಾದಂಬರಿಗಳ ಬಗ್ಗೆ ಮಾತಾಡು ಎಂದಿದ್ದೀರಿ. ಆ ಮಾತು ಬಂದೊಡನೆ ಟೋಲ್ಕಿನ್‌ನ ‘ಹಾಬಿಟ್’ (1937), ರೌಲಿಂಗ್ ಅವರ ‘ಹ್ಯಾರಿ ಪಾಟರ್’ (1997) ನೆನಪಾಗುತ್ತವೆ. ಸಣ್ಣವನೊಬ್ಬ ತನ್ನ ಶಕ್ತಿಗೆ ಮೀರಿದ ಕೆಲಸಕ್ಕೆ ಹೊರಡುತ್ತಾನೆ, ದಾರಿಯುದ್ದಕ್ಕೂ ಪರೀಕ್ಷೆಗಳು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿದ್ದ ಕಥೆ ಕೇಳಿದವರಿಗೆ ಇದೇನೂ ಹೊಸದಲ್ಲ.

ಆದರೆ ನಾನು ಹೇಳಹೊರಟಿರುವುದು ಬಸ್ಸಿನಲ್ಲಿ ಹೋಗಿಬರಬಹುದಾದ ಮಾಯಾಯಾತ್ರೆಯ ಕಥೆ. ಇಲ್ಲಿಂದ ಮದ್ದೂರಿನ ಕಡೆ ಹೊರಟರೆ ನಿಡಘಟ್ಟ ಸಿಗುತ್ತದಲ್ಲ, ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಕೆಂಪಾಚಾರಿ ಎಂಬ ಹುಡುಗನ ಊರು ಅದು. ಕುಲುಮೆಯ ಮನೆಯ ಮಗ. ತಾಯಿ ಮುದ್ದಮ್ಮ. ಮಂಟೇಸ್ವಾಮಿ ಅವನನ್ನು ಶಿಷ್ಯನನ್ನಾಗಿ ಮಾಡಿಕೊಳ್ಳುತ್ತಾರೆ, ಅವನೇ ಸಿದ್ದಪ್ಪಾಜಿ. ಹಲಗೂರಿಗೆ ಹೋಗಿ ಕಬ್ಬಿಣದ ಭಿಕ್ಷೆ ತಾ ಎಂದು ಕಳಿಸುತ್ತಾರೆ.

ಗಮನಿಸಿ, ಬೇಕಾಗಿರುವುದು ಚಿನ್ನವಲ್ಲ, ರಾಜಕುಮಾರಿಯಲ್ಲ. ಕಬ್ಬಿಣ! ಮನೆಯಲ್ಲೇ ಉಳಿದಿದ್ದರೆ ದಿನವೂ ಕೈಗೆ ಸಿಗುತ್ತಿದ್ದ ವಸ್ತುವನ್ನು, ತನ್ನದೇ ಕಸುಬಿನವರ ಬಾಗಿಲಲ್ಲಿ ನಿಂತು ಬೇಡಬೇಕು. ಅವರು ಇಲ್ಲ ಎನ್ನುತ್ತಾರೆ, ಒಂದಾದ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಡ್ರ್ಯಾಗನ್ನಿನ ನಿಧಿಗಿಂತ ಈ ಕಷ್ಟವೇ ದೊಡ್ಡದು ಎಂದು ನನಗನ್ನಿಸುತ್ತದೆ.

ಎಚ್.ಎಸ್. ಶಿವಪ್ರಕಾಶರು ಈ ಕಾವ್ಯವನ್ನು ಆಧರಿಸಿ ‘ಮಂಟೇಸ್ವಾಮಿ ಕಥಾಪ್ರಸಂಗ’ ಬರೆದರು. ದೊಡ್ಡವರಿಗೆ ನಾಟಕವಾಯಿತು. ನಾನು ಓದಬಯಸುವುದು ಮಕ್ಕಳ ಕಾದಂಬರಿಯನ್ನು. ಅದಕ್ಕೆ ಬೇಕಾದ ದಾರಿ ಕಣ್ಣೆದುರೇ ಇದೆ: ಸಾತನೂರು, ಕಬ್ಬಾಳದುರ್ಗ, ಆನೆ ತಿರುಗುವ ಕಾಡಂಚು. ನಮ್ಮ ಬಂಡೆಗಳನ್ನು ಹೊರಗಿನವರು ಚೆನ್ನಾಗಿಯೇ ಬಳಸಿಕೊಂಡರು. ರಾಮನಗರ 1975ರ ‘ಶೋಲೆ’ಯಲ್ಲಿ ರಾಮಗಢವಾಯಿತು; ಮಾಗಡಿಯ ಸಾವನದುರ್ಗ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಗುಹೆಗಳ ಬೆಟ್ಟವಾಯಿತು. ಎರಡರಲ್ಲೂ ನಮ್ಮೂರಿನ ಹೆಸರಿಲ್ಲ.

ಬರೆಯುವವರಿಗೆ ತೊಡಕು ಎರಡಿವೆ. ಸಿದ್ದಪ್ಪಾಜಿ ಕಥಾನಾಯಕನಷ್ಟೇ ಅಲ್ಲ, ದೇವರು. ಚಿಕ್ಕಲ್ಲೂರು ಜಾತ್ರೆಗೆ ಹೋಗುವವರ ನಂಬಿಕೆಯನ್ನು ಆಟಿಕೆ ಮಾಡುವಂತಿಲ್ಲ. ಇನ್ನೊಂದು ಅದಕ್ಕಿಂತ ನಾಜೂಕು. ಹಾಡಿನಲ್ಲಿ ಹಲಗೂರಿನ ಕುಲುಮೆಯವರು ಖಳರಾಗಿ ಬರುತ್ತಾರೆ. ನಿಮ್ಮ ತರಗತಿಯಲ್ಲಿ ಆಚಾರರ ಮನೆಯ ಮಗುವೂ ಕೂತಿರುತ್ತದೆ. ಆ ಮಗು ತಲೆ ತಗ್ಗಿಸುವಂತಾದರೆ ಪುಸ್ತಕ ಸೋತಂತೆ. ನಾಯಕನೂ ಅದೇ ಕಸುಬಿನ ಮನೆಯವನು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಬರೆಯುವವನಿಗೆ ದಾರಿ ಸಿಕ್ಕೀತು.

ಮೊನ್ನೆ ಪಕ್ಕದ ಮನೆಯ ಹುಡುಗಿಗೆ ಈ ಕಥೆ ಹೇಳಿದೆ. ಪವಾಡಗಳಿಗೆಲ್ಲ ತಲೆದೂಗಿದಳು. ಕಡೆಗೆ ಕೇಳಿದ್ದು ಒಂದೇ: “ಅಣ್ಣಾ, ಅವನು ಅಮ್ಮನ ಹತ್ರ ವಾಪಸ್ ಹೋದ್ನಾ?”

ಹಾಡಿನಲ್ಲಿ ಅವನು ಚಿಕ್ಕಲ್ಲೂರಿನಲ್ಲಿ ನೆಲೆಸುತ್ತಾನೆ, ನಿಡಘಟ್ಟದಲ್ಲಲ್ಲ. ಹಾಗೆಂದು ಅವಳಿಗೆ ಹೇಳಿದೆ. “ಮತ್ತೆ ಮುದ್ದಮ್ಮ?” ಎಂದಳು.